ಆಸನ ಬದಲಾಗಲಿ, ಗುರಿ ಬದಲಾಗದಿರಲಿ

ಆಟವೆಂಬುದು ಗಟ್ಟಿ ಕಾಲಿದ್ದವರ ಸೊತ್ತು ಎಂಬ ಭಾವನೆ ನಮ್ಮ ಸಮಾಜದಲ್ಲಿ ಬಹುಕಾಲದಿಂದ ಬೇರೂರಿದೆ. ಕಾಲು ಸೋತ ಮಗುವಿಗೆ ಪುಸ್ತಕ ಕೊಡುತ್ತಾರೆ, ಹಾಡು ಕಲಿಸುತ್ತಾರೆ, ಪೂಜೆಯ ವೇಳೆ ಮುಂದೆ ಕರೆದು ಕೂಡಿಸುತ್ತಾರೆ. ಆದರೆ ಆಟಕ್ಕೆ ಮಾತ್ರ ಕರೆಯುವುದಿಲ್ಲ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಮಗುವಿಗೆ ನೋವಾಗದಿರಲಿ ಎಂಬ ವಾತ್ಸಲ್ಯವೇ ಇದಕ್ಕೆ ಕಾರಣ. ನಾವೂ ಅರವತ್ತು ವರ್ಷಗಳ ಕಾಲ ಹೀಗೆಯೇ ನಂಬಿಕೊಂಡು ಬಂದವರು. 2024ರಲ್ಲಿ ಹದಿನಾಲ್ಕು ವಯಸ್ಸಿನ ಒಬ್ಬ ಬಾಲಿಕೆ ನಮ್ಮ ಈ ನಂಬಿಕೆಯನ್ನು ಬುಡಸಹಿತ ಕಿತ್ತುಹಾಕಿದಳು. ಮನೆಯಲ್ಲಿ ಇಂಥ ಮಕ್ಕಳಿರುವ ಬಂಧುಗಳಿಗೆ ಉಪಯೋಗವಾದೀತೆಂಬ ಭರವಸೆಯಿಂದ ಆ ಪ್ರಸಂಗವನ್ನು ಇಲ್ಲಿ ನಿವೇದಿಸುತ್ತಿದ್ದೇವೆ.

ಮೊದಲು ನಮ್ಮ ವಿಷಯವಾಗಿ ಎರಡು ಮಾತು. ನಾವು ಹುಟ್ಟಿದ್ದು 1961ರಲ್ಲಿ. ಮೂರನೆಯ ವಯಸ್ಸಿಗೆ ಬಂದ ಜ್ವರವು ನಮ್ಮ ಬಲಗಾಲಿನ ಶಕ್ತಿಯನ್ನು ಕೊಂಡೊಯ್ದಿತು. ಅದು ಪೋಲಿಯೊ ಎಂದು ಮನೆಯವರಿಗೆ ತಿಳಿಯುವಷ್ಟರಲ್ಲಿ ಕಾಲು ಸಣಕಲಾಗಿತ್ತು. ಹಳ್ಳಿಹಳ್ಳಿಗೂ ಲಸಿಕೆ ತಲುಪಿರದ ಕಾಲವದು. ಭಾರತವು ಪೋಲಿಯೊಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆಯ ಪ್ರಮಾಣಪತ್ರ ದೊರೆತದ್ದು 2014ರಲ್ಲಿ. ಅಂದು ಆ ಸುದ್ದಿಯನ್ನು ಓದಿ ನಾವು ಪತ್ರಿಕೆಯನ್ನು ಮಡಿಚಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆವು.

ಎಂಟನೆಯ ವಯಸ್ಸಿಗೆ ಮಠದ ಪ್ರಸಾದನಿಲಯ ಸೇರಿದೆವು. ಸಂಜೆಯ ವೇಳೆ ಹುಡುಗರೆಲ್ಲ ಅಂಗಳದಲ್ಲಿ ಹುತುತು ಆಡುವರು, ಚಿಣಿದಾಂಡು ಆಡುವರು. ಅವರ ಅಂಗಿ, ಟೊಪ್ಪಿಗೆ, ಚಪ್ಪಲಿಗಳನ್ನು ಕಾಯುವುದೂ, ಹುಣಸೆಬೀಜ ಇಟ್ಟು ಎರಡೂ ಕಡೆಯ ಲೆಕ್ಕ ಹಿಡಿಯುವುದೂ ನಮ್ಮ ಕೆಲಸ. ಲೆಕ್ಕದಲ್ಲಿ ನಾವು ಎಂದೂ ಮೋಸ ಮಾಡಲಿಲ್ಲವೆಂಬ ಕೀರ್ತಿಯೂ ನಮಗಿತ್ತು. ಹಿರಿಯ ಗುರುಗಳು ಒಮ್ಮೆ ನಮ್ಮ ತಲೆಯ ಮೇಲೆ ಕೈಯಿಟ್ಟು, “ನಿನಗೆ ವಿದ್ಯೆಯೇ ಆಟ” ಎಂದರು. ಆ ಮಾತು ನಮಗೆ ಆಶೀರ್ವಾದವೇ ಆಯಿತು. ವ್ಯಾಕರಣ, ಕಾವ್ಯ, ಶಾಸ್ತ್ರಗಳಲ್ಲಿ ನಮ್ಮ ಆಯುಷ್ಯ ಸಾರ್ಥಕವಾಗಿ ಕಳೆಯಿತು. ಆದರೂ ಒಂದು ಆಟ ಮಾತ್ರ ನಮ್ಮ ಪಾಲಿಗೆ ಬಂದಿತ್ತೆಂಬುದನ್ನು ಹೇಳದಿದ್ದರೆ ಸುಳ್ಳಾದೀತು. ಅದು ಗೋಲಿ. ಬಾವಿಕಟ್ಟೆಯ ಹತ್ತಿರ ಕುಳಿತಲ್ಲಿಂದಲೇ ಆರು ಮೊಳ ದೂರದ ಗೋಲಿಯನ್ನು ನಾವು ಹೊಡೆಯುತ್ತಿದ್ದೆವು. ಅಲ್ಲಿ ಯಾರೂ ನಮ್ಮ ಕಾಲು ನೋಡುತ್ತಿರಲಿಲ್ಲ. ಮಠದ ಹುಡುಗರಿಗೆ ಗೋಲಿ ಶೋಭಿಸದೆಂದು ಮೇಲ್ವಿಚಾರಕರು ಒಂದು ದಿನ ಎಲ್ಲ ಗೋಲಿಗಳನ್ನೂ ಬಾವಿಗೆ ಎಸೆದರು. ನಮ್ಮ ಕ್ರೀಡಾಜೀವನ ಅಲ್ಲಿಗೆ ಮುಗಿಯಿತೆಂದು ನಾವು ತಿಳಿದಿದ್ದೆವು.

ನಮ್ಮ ತಮ್ಮನ ಮೊಮ್ಮಗಳು 2021ರಲ್ಲಿ, ಹನ್ನೊಂದು ವರ್ಷದವಳಿದ್ದಾಗ, ತಂದೆಯ ಬೈಕಿನ ಹಿಂದೆ ಕುಳಿತು ಜಾತ್ರೆಗೆ ಹೋಗುವಾಗ ಅಪಘಾತಕ್ಕೀಡಾದಳು. ಬೆನ್ನುಹುರಿಗೆ ಪೆಟ್ಟಾಯಿತು. ಸೊಂಟದಿಂದ ಕೆಳಗೆ ಶಕ್ತಿಯೂ ಇಲ್ಲ, ಸ್ಪರ್ಶಜ್ಞಾನವೂ ಇಲ್ಲ. ಮೂರು ವರ್ಷ ಆ ಕೂಸು ಹಾಸಿಗೆ, ಗಾಲಿಕುರ್ಚಿ, ಪಡಸಾಲೆಯ ಕಿಟಕಿ ಇಷ್ಟರಲ್ಲಿಯೇ ಇದ್ದಳು. ತಂದೆ ಅವಳ ಮುಖವನ್ನು ನೇರವಾಗಿ ನೋಡಲಾರದಷ್ಟು ಕುಗ್ಗಿಹೋಗಿದ್ದ. ಬಂದವರು ಲೊಚಗುಟ್ಟುತ್ತಾರೆಂದು ತಾಯಿ ಅವಳನ್ನು ಹೊರಗೆ ತರುವುದನ್ನೇ ಬಿಟ್ಟಿದ್ದಳು. ನಾವು ನಮ್ಮ ಹಳೆಯ ಪಾಠದಂತೆ ಅವಳಿಗೆ ಪುಸ್ತಕಗಳನ್ನು ಕೊಟ್ಟೆವು. ಅವಳು ಅವುಗಳನ್ನು ಓದಿ ಮುಗಿಸಿ ಒಂದರ ಮೇಲೊಂದು ಜೋಡಿಸಿ ಇಡುತ್ತಿದ್ದಳೇ ಹೊರತು ಮುಖದಲ್ಲಿ ಗೆಲುವು ಕಾಣಲಿಲ್ಲ.

2024ರ ಆಗಸ್ಟ್ 30. ಪ್ಯಾರಿಸ್ಸಿನಲ್ಲಿ ಅಂಗವಿಕಲರ ಒಲಿಂಪಿಕ್ಸ್, ಅಂದರೆ ಪ್ಯಾರಾಲಿಂಪಿಕ್ಸ್ ನಡೆದಿತ್ತು. ಹತ್ತು ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಜಯಪುರದ ಅವನಿ ಲೇಖರಾ ಚಿನ್ನ ಗೆದ್ದ ಸುದ್ದಿ ದೂರದರ್ಶನದಲ್ಲಿ ಬಂತು. ನಮ್ಮ ದೇಶದವರೇ ಆದ ಮೋನಾ ಅಗರವಾಲರಿಗೆ ಅದೇ ಸ್ಪರ್ಧೆಯಲ್ಲಿ ಕಂಚು. ಪಡಸಾಲೆಯಿಂದ ಕೂಗು ಕೇಳಿತು: “ಅಜ್ಜಾ, ಲಗೂ ಬರ್ರಿ! ಆಕಿ ಕುಂತಲ್ಲೇ ಹೊಡದಾಳ ನೋಡ್ರಿ!”

ಊರುಗೋಲು ಹಿಡಿದು ನಾವು ಹೋಗುವಷ್ಟರಲ್ಲಿ ಚಿತ್ರ ಮುಗಿದಿತ್ತು. ಆದರೆ ಕೂಸಿನ ಕಣ್ಣಲ್ಲಿ ಅದು ಇನ್ನೂ ಉಳಿದಿತ್ತು. ಆ ರಾತ್ರಿ ಅವಳು ನಮ್ಮನ್ನು ಕೂಡಿಸಿಕೊಂಡು ಅವನಿಯ ವೃತ್ತಾಂತವನ್ನೆಲ್ಲ ಹೇಳಿದಳು. ಆಕೆಯೂ ಹನ್ನೊಂದನೆಯ ವಯಸ್ಸಿನಲ್ಲಿ, 2012ರಲ್ಲಿ, ಕಾರು ಅಪಘಾತದಿಂದ ಬೆನ್ನುಹುರಿಯ ಪೆಟ್ಟು ತಿಂದವಳು. ಮನೆಯಲ್ಲಿ ಮಂಕಾಗಿ ಕುಳಿತ ಮಗಳನ್ನು 2015ರಲ್ಲಿ ತಂದೆಯೇ ಆಟದ ಕಡೆಗೆ ಕರೆದೊಯ್ದರು. ಒಲಿಂಪಿಕ್ ಚಿನ್ನ ಗೆದ್ದ ಅಭಿನವ್ ಬಿಂದ್ರಾರ ಆತ್ಮಕಥೆ ಓದಿ ಆಕೆಯ ಮನಸ್ಸು ಬಂದೂಕಿನಲ್ಲಿ ನೆಟ್ಟಿತು. ಟೋಕಿಯೊ ಕೂಟ 2021ರಲ್ಲಿ ನಡೆದಾಗ ಹತ್ತೊಂಬತ್ತು ವರ್ಷದ ಅವನಿ ಅಂತಿಮ ಸುತ್ತಿನ 24 ಹೊಡೆತಗಳಲ್ಲಿ 249.6 ಅಂಕ ಗಳಿಸಿ, ಪ್ಯಾರಾಲಿಂಪಿಕ್ಸ್ ಚಿನ್ನ ಪಡೆದ ಮೊದಲ ಭಾರತೀಯ ಮಹಿಳೆಯಾದಳು. ಪ್ಯಾರಿಸ್ಸಿನಲ್ಲಿ ಗಳಿಸಿದ್ದು 249.7. ಒಂದು ಹೊಡೆತಕ್ಕೆ ಹೆಚ್ಚೆಂದರೆ 10.9 ಅಂಕ, ಆಕೆಯ ಸರಾಸರಿ 10.4. ಇಷ್ಟು ಹೇಳಿ ಕೂಸು ಕೇಳಿದ್ದು ಒಂದೇ ಮಾತು: “ನಾನು ಒಂದು ಸಲ ಹಿಡದು ನೋಡಲ್ಯಾ ಅಜ್ಜಾ?”

ಮರುದಿನ ನಾವು ಮನೆಯಲ್ಲಿ ವಿಷಯವೆತ್ತಿದೆವು. ಅವಳ ತಾಯಿ ಕಣ್ಣೊರೆಸಿಕೊಂಡು, “ಮಾವಾರ, ನೀವು ತಿಳದವರು. ಹೆಣ್ಣುಹುಡುಗಿ, ಮ್ಯಾಲೆ ಈ ಸ್ಥಿತಿ. ಕೈಯಾಗ ಬಂದೂಕು ಕೊಟ್ಟು ಮಂದಿ ಮುಂದ ಕೂಡಸೋದು ಬ್ಯಾಡ್ರಿ” ಎಂದಳು. ಆ ತಾಯಿಯ ಸಂಕಟ ನಮಗೆ ತಿಳಿಯದ್ದೇನೂ ಅಲ್ಲ. ವಾದ ಮಾಡಲಿಲ್ಲ. ಕೆಲವು ದಿನ ಅತ್ತಿತ್ತ ಓದಿ ತಿಳಿದು, ಸಂಜೆಯ ಹೊತ್ತು ಅವಳಿಗೆ ಕಥೆಯಂತೆ ಹೇಳುತ್ತಾ ಬಂದೆವು.

ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗುಟ್‌ಮನ್ ಎಂಬ ವೈದ್ಯರಿದ್ದರು. ಯುದ್ಧದಲ್ಲಿ ಬೆನ್ನುಹುರಿ ಮುರಿದ ಸೈನಿಕರನ್ನು ಹಾಸಿಗೆಯಲ್ಲಿ ಮಲಗಿಸಿಡುವುದೇ ಚಿಕಿತ್ಸೆ ಎಂಬ ಕಾಲದಲ್ಲಿ ಅವರು ಆಟವನ್ನೇ ಔಷಧವಾಗಿ ಮಾಡಿಕೊಂಡರು. 1948ರ ಜುಲೈ 29ರಂದು ಲಂಡನ್ನಿನಲ್ಲಿ ಒಲಿಂಪಿಕ್ಸ್ ಆರಂಭವಾದ ದಿನವೇ ಇವರ ಆಸ್ಪತ್ರೆಯಲ್ಲಿ ಗಾಲಿಕುರ್ಚಿಯ ಮೇಲೆ ಕುಳಿತ 16 ಜನರ ಬಿಲ್ವಿದ್ಯೆಯ ಸ್ಪರ್ಧೆ ನಡೆಯಿತು. ಅವರಲ್ಲಿ ಇಬ್ಬರು ಮಹಿಳೆಯರು. ಇಂದಿನ ಪ್ಯಾರಾಲಿಂಪಿಕ್ಸಿನ ಬೀಜ ಅದು. ಬಂದೂಕಿನ ಗುರಿಯಾಟ ಅದರೊಳಗೆ ಸೇರಿದ್ದು 1976ರ ಟೊರಾಂಟೊ ಕೂಟದಲ್ಲಿ. ಅದಕ್ಕೂ ಮೊದಲೇ ಹಂಗೇರಿಯ ಕಾರೊಲಿ ತಕಾಚ್ ಎಂಬ ಸೈನಿಕನಿದ್ದ. 1938ರಲ್ಲಿ ಕೈಬಾಂಬು ಸಿಡಿದು ಪಿಸ್ತೂಲು ಹಿಡಿಯುವ ಬಲಗೈ ಹೋಯಿತು. ಆತ ಯಾರಿಗೂ ಹೇಳದೆ ಎಡಗೈಯಿಂದ ಅಭ್ಯಾಸ ಮಾಡಿ 1948ರಲ್ಲಿಯೂ 1952ರಲ್ಲಿಯೂ ಒಲಿಂಪಿಕ್ ಚಿನ್ನ ಗೆದ್ದ. ಈ ಕಥೆ ಹೇಳಿದ ರಾತ್ರಿ ಕೂಸಿನ ತಂದೆ ಮೆಲ್ಲನೆ, “ನಾಳೆ ಗಾಡಿ ತರತೀನ್ರಿ” ಎಂದ. ಮೂರು ವರ್ಷಗಳಲ್ಲಿ ಆತ ಮಗಳ ವಿಷಯವಾಗಿ ತಾನಾಗಿ ಆಡಿದ ಮೊದಲ ಮಾತು ಅದು.

ಮೊದಲು ಹೋದ ಸ್ಥಳದಲ್ಲಿ ನಮಗೆ ಭಂಗವಾಯಿತು. ಶೂಟಿಂಗ್ ರೇಂಜ್ ಇದ್ದದ್ದು ಮಹಡಿಯ ಮೇಲೆ. ಏರಬೇಕಾದ ಮೆಟ್ಟಿಲು ಇಪ್ಪತ್ತೆರಡು. ಇಬ್ಬರು ಹುಡುಗರು ಕೂಸನ್ನು ಕುರ್ಚಿಸಮೇತ ಎತ್ತಿಕೊಂಡು ಹೋಗಲು ಬಂದರು. ಅರ್ಧ ದಾರಿಯಲ್ಲಿ ಒಬ್ಬನ ಕೈ ಜಾರಿತು. ಪುಣ್ಯಕ್ಕೆ ಗೋಡೆಗೆ ಆತು ನಿಂತರು. ಕೂಸು ಒಂದು ಮಾತೂ ಆಡದೆ ಕೆಳಗಿಳಿಸಿರೆಂದು ಸನ್ನೆ ಮಾಡಿದಳು. ಮೊದಲೇ ದೂರವಾಣಿಯಲ್ಲಿ ಮೆಟ್ಟಿಲುಗಳ ವಿಷಯ ಕೇಳದೆ ಹೋದದ್ದು ನಮ್ಮದೇ ತಪ್ಪು. ಶಾಸ್ತ್ರಗ್ರಂಥಗಳಲ್ಲಿ ಅರ್ಥ ಹುಡುಕುವ ನಮಗೆ ಬಾಗಿಲು ಎಲ್ಲಿದೆಯೆಂದು ವಿಚಾರಿಸುವ ಬುದ್ಧಿ ಬರಲಿಲ್ಲ.

ಹದಿನೈದು ದಿನಗಳ ನಂತರ, ಕೇಳಿ ವಿಚಾರಿಸಿ, ನೆಲಮಟ್ಟದಲ್ಲಿರುವ ಇನ್ನೊಂದು ಕೇಂದ್ರಕ್ಕೆ ಹೋದೆವು. ಅಲ್ಲಿಯ ತರಬೇತುದಾರರು ಮೊದಲ ದಿನ ಬಂದೂಕನ್ನು ಮುಟ್ಟಿಸಲೇ ಇಲ್ಲ. ರಕ್ಷಣೆಯ ನಿಯಮಗಳನ್ನು ಕಲಿಸಿದರು. ನಳಿಗೆಯ ಬಾಯಿ ಸದಾ ಗುರಿಯ ಕಡೆಗೇ ಇರಬೇಕು. ಖಾಲಿಯೆಂದು ಗೊತ್ತಿದ್ದರೂ ಮನುಷ್ಯರ ಕಡೆಗೆ ತಿರುಗಿಸಕೂಡದು. ಹೊಡೆಯುವ ಕ್ಷಣದವರೆಗೆ ಬೆರಳು ಟ್ರಿಗರಿನ ಹೊರಗೆ ಇರಬೇಕು. ‘ನಿಲ್ಲಿಸಿ’ ಎಂಬ ಆಜ್ಞೆ ಬಂದರೆ ಆ ಕ್ಷಣವೇ ಬಂದೂಕು ಕೆಳಗಿಡಬೇಕು. ಗುಂಡುಗಳು 4.5 ಮಿಲಿಮೀಟರಿನ ಸೀಸದ ಚೂರುಗಳು. ಆದುದರಿಂದ ಮುಟ್ಟಿದ ಕೈಯಿಂದ ಏನನ್ನೂ ತಿನ್ನದೆ ಸಾಬೂನಿನಿಂದ ತೊಳೆದುಕೊಳ್ಳಬೇಕು.

ಎರಡನೆಯ ದಿನ ಅವರು ಗಮನಿಸಿದ್ದು ಕೂಸಿನ ಕೈಯನ್ನಲ್ಲ, ಕುಳಿತ ರೀತಿಯನ್ನು. ಎರಡೂ ಕೈಗಳನ್ನು ಕುರ್ಚಿಯಿಂದ ಮೇಲೆತ್ತಿದೊಡನೆ ಅವಳ ಮೈ ಮುಂದಕ್ಕೆ ವಾಲುತ್ತಿತ್ತು. ಹೊಟ್ಟೆಯ ಸ್ನಾಯುಗಳಲ್ಲಿ ಹಿಡಿತವಿಲ್ಲದವರಿಗೆ ಇದು ಸಹಜ. ಮೊದಲು ಚಕ್ರಗಳಿಗೆ ಬಿರಿ ಹಾಕಿ ಕುರ್ಚಿಯನ್ನು ಸ್ಥಿರಗೊಳಿಸಿದರು. ಪಾದಗಳು ಜೋತಾಡದಂತೆ ಹಲಗೆಯ ಮೇಲೆ ಊರಿಸಿದರು. ಬೆನ್ನಿಗೆ ತಕ್ಕ ಆಸರೆ ಕೊಟ್ಟರು. ಮುಂದೆ ಒಂದು ಮೇಜು, ಅದರ ಮೇಲೆ ಮರಳಿನ ಚೀಲ. ರೈಫಲಿನ ಭಾರ ಚೀಲದ ಮೇಲೆ, ಹಿಡಿ ಭುಜದ ಮೇಲೆ, ಮೊಣಕೈ ಮೇಜಿನ ಮೇಲೆ. ಸ್ಪರ್ಧೆಯ ರೈಫಲ್ 5.5 ಕಿಲೊವರೆಗೆ ತೂಗಬಹುದು. ಆ ಭಾರವನ್ನು ಮೊದಲ ದಿನವೇ ತೋಳಿನ ಮೇಲೆ ಹೊರಿಸುವುದು ಅವಿವೇಕವೆಂದು ಅವರ ಮತ. ಒಂದೇ ಕೈಯಲ್ಲಿ ಬಲವಿರುವವರಿಗೆ ಪಿಸ್ತೂಲು ಅನುಕೂಲವೆಂದೂ, ಅದನ್ನು ಒಂದೇ ಕೈಯಲ್ಲಿ ಹಿಡಿದು ಹೊಡೆಯುವುದೇ ಎಲ್ಲರಿಗೂ ಇರುವ ನಿಯಮವೆಂದೂ ಹೇಳಿದರು.

ಹಿಂದೆ ಬೆಂಚಿನ ಮೇಲೆ ಕುಳಿತು ಕೂಸಿನ ಹೊಡೆತಗಳ ಲೆಕ್ಕ ಬರೆದುಕೊಳ್ಳುತ್ತಿದ್ದ ನಮ್ಮ ಕಡೆಗೆ ತಿರುಗಿ ತರಬೇತುದಾರರು, “ಅಜ್ಜಾರ, ನೀವೂ ಒಂದು ಸಲ ಹಿಡದು ನೋಡ್ರಿ” ಎಂದರು. ನಾವು ನಕ್ಕು ತಲೆಯಾಡಿಸಿದೆವು. ಅವರು ಬಿಡಲಿಲ್ಲ. ಕುರ್ಚಿ ಹಾಕಿದರು, ಸೋತ ಕಾಲಿನ ಕೆಳಗೆ ಒಂದು ಮಣೆಯಿಟ್ಟರು. ಹಿಂದಿನ ಕಿಂಡಿಯಿಂದ ನೋಡಿದರೆ ಮುಂದೆ ಒಂದು ಚಿಕ್ಕ ಬಳೆ; ಆ ಬಳೆಯೊಳಗೆ ಗುರಿಯ ಕಪ್ಪು ವೃತ್ತವನ್ನು ಸರಿಯಾಗಿ ನಡುವೆ ಕೂಡಿಸಬೇಕು. ಉಸಿರನ್ನು ಅರ್ಧ ಬಿಟ್ಟು ತಡೆಯಬೇಕು. ಟ್ರಿಗರನ್ನು ಜಗ್ಗಬಾರದು, ಒತ್ತಡವನ್ನು ಮೆಲ್ಲನೆ ಏರಿಸುತ್ತ ಹೋಗಬೇಕು. ಏಳೆಂಟು ಸೆಕೆಂಡಿನಲ್ಲಿ ಕೆಲಸವಾಗದಿದ್ದರೆ ಕಣ್ಣು ಮೋಸ ಮಾಡುತ್ತದೆ. ಆಗ ಹೊಡೆಯದೆ ಬಂದೂಕು ಇಳಿಸಬೇಕು. ಹೊಡೆಯದೆ ಇಳಿಸುವುದೇ ಈ ವಿದ್ಯೆಯ ಕಠಿಣ ಪಾಠವೆಂದು ನಮಗೆ ಬೇಗನೆ ತಿಳಿಯಿತು. ನಮ್ಮ ಮೊದಲ ಗುಂಡು ಪಕ್ಕದವರ ಗುರಿಗೆ ಬಿತ್ತು. ಕೂಸು ಮೂರು ವರ್ಷಗಳಲ್ಲಿ ಮೊದಲ ಬಾರಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾಲ್ಕನೆಯ ಗುಂಡು ಕಪ್ಪು ವೃತ್ತದಲ್ಲಿ ಕುಳಿತಾಗ ಬಾವಿಗೆ ಬಿದ್ದ ಗೋಲಿಗಳು ನಮಗೆ ನೆನಪಾದವು.

ಇನ್ನು ನಮ್ಮ ತಪ್ಪನ್ನು ಹೇಳಬೇಕು. ಎರಡನೆಯ ತಿಂಗಳಲ್ಲಿ ಒಂದು ದಿನ ಕೂಸಿನ ಹತ್ತು ಗುಂಡುಗಳಲ್ಲಿ ಮೂರೇ ಕಾಗದಕ್ಕೆ ತಾಗಿದವು. ಅವಳ ಮುಖ ಬಾಡಿತು. ನಮಗೆ ಸಹಿಸಲಾಗಲಿಲ್ಲ. ತರಬೇತುದಾರರನ್ನು ಬದಿಗೆ ಕರೆದು, “ಗುರಿಯನ್ನು ಸ್ವಲ್ಪ ಹತ್ತಿರ ತನ್ನಿರಿ, ಕೂಸಿಗೆ ಉತ್ಸಾಹ ಬರಲಿ” ಎಂದೆವು. ಮೆಲ್ಲಗೆ ಹೇಳಿದ್ದರೂ ಅವಳಿಗೆ ಕೇಳಿಸಿತು. ಅವಳು ಬಂದೂಕನ್ನು ನಿಯಮದಂತೆ ಕೆಳಗಿಟ್ಟು, ಕುರ್ಚಿಯನ್ನು ನಮ್ಮ ಕಡೆಗೆ ತಿರುಗಿಸಿ, “ಅಜ್ಜಾ, ಎಲ್ಲಾರಿಗೂ ಹತ್ತು ಮೀಟರ್ ಅದ. ನನಗೂ ಹತ್ತು ಮೀಟರ್ ಇರಲಿ” ಎಂದಳು. ಸಿಟ್ಟಿನಿಂದ ಅವಳ ತುಟಿ ನಡುಗುತ್ತಿತ್ತು. ಅರವತ್ತು ವರ್ಷ ಪರರ ಕರುಣೆಯನ್ನು ಉಂಡವರು ನಾವು. ಅದನ್ನೇ ಅವಳ ಎಲೆಗೆ ಬಡಿಸಲು ಹೋಗಿದ್ದೆವು. ನಾವು ಅವಳ ಕ್ಷಮೆ ಕೇಳಿದೆವು.

ಅವಳ ಮಾತೇ ಈ ಆಟದ ಕಾಯಿದೆಯೂ ಹೌದೆಂದು ಆಮೇಲೆ ತಿಳಿಯಿತು. ಪ್ಯಾರಾಲಿಂಪಿಕ್ಸಿನಲ್ಲಿ ಏರ್ ರೈಫಲಿನ ದೂರ ಹತ್ತು ಮೀಟರೇ. ಗುರಿಯ ನಡುವಿನ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರೇ, ಅಂದರೆ ಗಸಗಸೆ ಕಾಳಿಗಿಂತ ಸಣ್ಣದು. ಅಭಿನವ್ ಬಿಂದ್ರಾರಿಗೆ ಇದ್ದದ್ದೂ ಅದೇ, ಅವನಿಗೂ ಅದೇ. ಬದಲಾಗುವುದು ಆಸನ ಮತ್ತು ಆಸರೆ ಮಾತ್ರ. ಬಂದೂಕಿನ ಭಾರವನ್ನು ತಾವೇ ಹೊರಬಲ್ಲವರು ಎಸ್.ಎಚ್.1 ವಿಭಾಗದವರು. ತೋಳಿಗೂ ಶಕ್ತಿ ಸಾಲದೆ ರೈಫಲ್ ಹೊರಲಾರದವರು ಎಸ್.ಎಚ್.2 ವಿಭಾಗದವರು, ಅವರಿಗೆ ಸ್ಪ್ರಿಂಗಿನ ಮೇಲೆ ನಿಂತ ಆಧಾರಕೋಲನ್ನು ಕೊಡುತ್ತಾರೆ, ಅಗತ್ಯವಿದ್ದರೆ ಗುಂಡು ತುಂಬಲು ಸಹಾಯಕರೂ ಇರಬಹುದು. ಸ್ಪ್ರಿಂಗು ಭಾರ ಹೊರುತ್ತದೆಯೇ ಹೊರತು ಗುರಿ ಹಿಡಿಯುವುದಿಲ್ಲ. ಅದನ್ನು ಆಟಗಾರನೇ ಹಿಡಿಯಬೇಕು. ನಮ್ಮ ಹುಬ್ಬಳ್ಳಿಯವರೇ ಆದ ಶ್ರೀಹರ್ಷ ದೇವರಡ್ಡಿಯವರು ಈ ಎಸ್.ಎಚ್.2 ವಿಭಾಗದಲ್ಲಿ 2024ರ ಪ್ಯಾರಿಸ್ ಕೂಟದಲ್ಲಿ ಭಾರತವನ್ನು ಪ್ರತಿನಿಧಿಸಿದರು. ಮುಂಡದ ಹಿಡಿತ ಎಷ್ಟಿದೆಯೆಂದು ಪರೀಕ್ಷಿಸಿ ಬೆನ್ನಾಸರೆಯ ಎತ್ತರವನ್ನು ಗೊತ್ತುಮಾಡುತ್ತಾರೆ. ಇಷ್ಟೇ ರಿಯಾಯಿತಿ. ಆಸನವನ್ನು ಬದಲಿಸುವುದು ನ್ಯಾಯ. ಗುರಿಯನ್ನು ಹತ್ತಿರ ತರುವುದು ಅವಮಾನ. ಈ ಭೇದವನ್ನು ಅರಿಯಲು ನಮಗೆ ಒಂದು ಕೂಸಿನ ಸಿಟ್ಟು ಬೇಕಾಯಿತು.

ನಾವು ಬಂದೂಕು ಹಿಡಿಯುತ್ತೇವೆಂಬ ಸುದ್ದಿ ಹಬ್ಬಿ ಒಬ್ಬ ಹಿರಿಯ ಭಕ್ತರು ಮನೆಗೆ ಬಂದು, “ಶಾಸ್ತ್ರಿಗಳೇ, ಮಠದಲ್ಲಿ ಕಲಿತವರಿಗೆ ಇದು ಯೋಗ್ಯವೇ?” ಎಂದು ಕೇಳಿದರು. ಪ್ರಶ್ನೆ ಸರಿಯಾದುದೇ. ನಾವು ಅವರನ್ನು ಒಂದು ಸಂಜೆ ಕರೆದುಕೊಂಡು ಹೋದೆವು. ಒಂದು ಗಂಟೆ ಅವರು ನೋಡಿದ್ದು ಉಸಿರು ತಡೆದು ಕುಳಿತ ಮಕ್ಕಳನ್ನು, ಕಾಗದದ ಮೇಲೆ ಬಿದ್ದ ತೂತುಗಳನ್ನು, ಬೇರೇನನ್ನೂ ಅಲ್ಲ. ಜೀವಿಯ ಕಡೆಗೆ ನಳಿಗೆ ತಿರುಗಿಸಿದವನಿಗೆ ಅಲ್ಲಿ ಎರಡನೆಯ ಅವಕಾಶವಿಲ್ಲ. ಹೊರಡುವಾಗ ಆ ಹಿರಿಯರು, “ಇದು ಹೊಡೆಯುವ ಆಟವಲ್ಲ, ಸುಮ್ಮನೆ ಕುಳಿತುಕೊಳ್ಳುವ ಆಟ” ಎಂದರು. ಇದಕ್ಕಿಂತ ಚೆನ್ನಾಗಿ ನಾವೂ ಹೇಳಲಾರೆವು.

ಆರಂಭಿಸಬೇಕೆಂಬ ಮನೆಯವರಿಗೆ ನಮ್ಮ ಅನುಭವದಿಂದ ಕೆಲವು ಸೂಚನೆಗಳು. ಮೊದಲು ಚಿಕಿತ್ಸೆ ಮಾಡುವ ವೈದ್ಯರ ಒಪ್ಪಿಗೆ ಪಡೆಯಿರಿ. ಕೇಂದ್ರಕ್ಕೆ ಹೋಗುವ ಮುನ್ನ ಮೆಟ್ಟಿಲು, ಬಾಗಿಲಿನ ಅಗಲ, ಶೌಚಾಲಯ ಈ ಮೂರನ್ನೂ ಕೇಳಿ ತಿಳಿಯಿರಿ. ಸ್ಪರ್ಶಜ್ಞಾನ ಇಲ್ಲದವರು ಒಂದೇ ಸಮನೆ ಕುಳಿತರೆ ಒತ್ತಿದ ಜಾಗದಲ್ಲಿ ಹುಣ್ಣಾಗುತ್ತದೆ, ನೋವೂ ತಿಳಿಯುವುದಿಲ್ಲ. ಒಳ್ಳೆಯ ದಿಂಬು ಬೇಕು, ಹದಿನೈದಿಪ್ಪತ್ತು ನಿಮಿಷಕ್ಕೊಮ್ಮೆ ಕೈಯೂರಿ ಮೈಯನ್ನು ಮೇಲೆತ್ತಬೇಕು. ಈ ಆಟದ ದಪ್ಪ ಕ್ಯಾನ್ವಾಸಿನ ಅಂಗಿ ಬೇಸಿಗೆಯಲ್ಲಿ ಸುಡುತ್ತದೆ. ಬೆನ್ನುಹುರಿಯ ಪೆಟ್ಟಾದವರಲ್ಲಿ ಕೆಲವರಿಗೆ ಬೆವರು ಸರಿಯಾಗಿ ಬರುವುದಿಲ್ಲವಾದ್ದರಿಂದ ನೀರು, ನೆರಳು, ವಿಶ್ರಾಂತಿ ಅವಶ್ಯ. ಬಂದೂಕು ಕೊಳ್ಳುವ ಅವಸರ ಬೇಡ. ಕೇಂದ್ರದ ಬಂದೂಕಿನಲ್ಲಿಯೇ ಕೆಲವು ತಿಂಗಳು ಕಲಿಯಿರಿ. ಮನೆಯ ಅಭ್ಯಾಸಕ್ಕೆಂದು ನಮ್ಮ ಓಣಿಯ ಬಡಿಗ ಬಂದೂಕಿನ ಆಕಾರದ ಒಂದು ಕಟ್ಟಿಗೆ ಮಾಡಿಕೊಟ್ಟ. ಬಿಳಿ ಗೋಡೆಯ ಮೇಲೆ ಕಾಡಿಗೆಯ ಚುಕ್ಕೆಯಿಟ್ಟು ಕೂಸು ದಿನಕ್ಕೆ ಅರ್ಧ ಗಂಟೆ ಉಸಿರು ಮತ್ತು ಹಿಡಿತವನ್ನು ಸಾಧಿಸುತ್ತಾಳೆ. ವಿಭಾಗ, ವರ್ಗೀಕರಣ, ಸ್ಪರ್ಧೆಗಳೆಲ್ಲ ಆಮೇಲಿನ ಮಾತು.

ಒಂದು ವರ್ಷ ಕಳೆದಿದೆ. ಕೂಸು ಈಗ ಶಾಲೆಗೆ ಹೋಗುತ್ತಾಳೆ. ಮೇಜಿನ ಆಸರೆಯಿಂದ ಹತ್ತು ಗುಂಡಿಗೆ ನೂರರಲ್ಲಿ ತೊಂಬತ್ತೊಂದು ಅಂಕ ತೆಗೆದಿದ್ದಾಳೆ. ಈಗ ಮೊಣಕೈಯನ್ನು ಮೇಜಿನಿಂದ ಬಿಡಿಸುವ ಪಾಠ ನಡೆದಿದೆ, ಅಂಕಗಳು ಮತ್ತೆ ಇಳಿದಿವೆ. ಅವಳು ಪದಕ ಗೆಲ್ಲುವಳೋ ಇಲ್ಲವೋ ನಾವು ಹೇಳಲಾರೆವು; ಆ ಪ್ರಶ್ನೆಯೂ ನಮಗಿಲ್ಲ. ಕಳೆದ ತಿಂಗಳು ಅವಳ ತಾಯಿ ಮೊದಲ ಬಾರಿಗೆ ರೇಂಜಿಗೆ ಬಂದಳು. ಯಾರೂ ಲೊಚಗುಟ್ಟಲಿಲ್ಲ, ಎಲ್ಲರ ಕಣ್ಣೂ ತಮ್ಮ ತಮ್ಮ ಗುರಿಯ ಮೇಲಿತ್ತು. ಆ ತಾಯಿ ಹಿಂದಿನ ಬೆಂಚಿನ ಮೇಲೆ ನಮ್ಮ ಪಕ್ಕದಲ್ಲಿ ಕುಳಿತು, ನಮ್ಮ ಕೈಯಲ್ಲಿದ್ದ ಲೆಕ್ಕದ ಪುಸ್ತಕವನ್ನು ತೆಗೆದುಕೊಂಡು, “ಇದನ್ನ ನಾ ಬರೀತೀನಿ, ನೀವು ಹೋಗ್ರಿ ಮಾವಾರ. ನಿಮ್ಮ ಪಾಳಿ ಬಂದದ” ಎಂದಳು.

ಅರವತ್ತು ವರ್ಷ ಕಾದ ಮಾತು ಅದು. ಊರುಗೋಲನ್ನು ಗೋಡೆಗೆ ಆನಿಸಿ ನಾವು ನಮ್ಮ ಕುರ್ಚಿಯಲ್ಲಿ ಕುಳಿತೆವು.

ಬಂಧುಗಳೇ, ನಿಮ್ಮ ಮನೆಯ ಕಿಟಕಿಯಲ್ಲಿ ಇಂಥ ಒಂದು ಕೂಸು ಕುಳಿತಿದ್ದರೆ, ಅದಕ್ಕೆ ಅವಶ್ಯವಾಗಿ ಪುಸ್ತಕ ಕೊಡಿರಿ. ಜೊತೆಗೆ, ಏನು ಆಡಬೇಕೆಂಬ ಆಸೆಯಿದೆಯೆಂದು ಒಂದು ಸಲ ಕೇಳಿರಿ. ಅದಕ್ಕೆ ತಕ್ಕ ಆಸನವನ್ನು ಹೊಂದಿಸುವುದು ಹಿರಿಯರ ಕೆಲಸ. ಗುರಿಯನ್ನು ಅದು ತಾನೇ ನೋಡಿಕೊಳ್ಳುತ್ತದೆ.